ಕ್ರಾಸ್‌ಫೀಡ್‌ಗೆ ‘ಸಾಗಿಸು’ ಸರಿಯೇ? ಹಳೆಯ ಜೆಟ್ ವಿಮಾನದ ಇಂಧನದ ಮಾತು

ಎಲ್ಲರಿಗೂ ನಮಸ್ಕಾರ.

ಮನೆಯ ಕಂಪ್ಯೂಟರಿನಲ್ಲಿ ಹಳೆಯ ಜೆಟ್ ವಿಮಾನ ಹಾರಿಸುವ ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ವಿಮಾನ ಬೋಯಿಂಗ್ 727-200. ಎಕ್ಸ್-ಪ್ಲೇನ್ ಸಿಮ್ಯುಲೇಟರಿಗೆ ಇದರ ಒಳ್ಳೆಯ ಮಾದರಿ ಸಿಗುತ್ತದೆ. ರೆಕ್ಕೆ, ಚಕ್ರ, ಏರುವುದು, ಇಳಿಯುವುದು ಇವಕ್ಕೆಲ್ಲ ಪದಗಳ ಬರವಿಲ್ಲ. ಇಂಧನದ ಅಧ್ಯಾಯದಲ್ಲಿ ಮಾತ್ರ ಬರವಣಿಗೆ ನಿಂತಿದೆ. ಮುಖ್ಯವಾದ ಪ್ರಶ್ನೆ ಒಂದೇ: ಒಂದು ಟ್ಯಾಂಕಿನ ಇಂಧನವನ್ನು ಬೇರೆ ಟ್ಯಾಂಕಿನ ಪಾಲಿನ ಎಂಜಿನ್ನಿಗೆ ಕೊಡುವ ಕ್ರಾಸ್‌ಫೀಡ್ ಎಂಬ ಕೆಲಸಕ್ಕೆ ಯಾವ ಕ್ರಿಯಾಪದ ಹಾಕೋದು?

ಸುಮ್ನೆ ‘ಕ್ರಾಸ್‌ಫೀಡ್ ಮಾಡು’ ಅಂತ ಬರೆದರೆ ಆಯ್ತಲ್ವಾ ಎಂದು ಕೇಳಬಹುದು. ವಾಲ್ವಿನ ಹೆಸರಾಗಿ ಅದು ಇರಲಿ, ಪ್ಯಾನೆಲ್ ಮೇಲೆ ಬರೆದಿರುವುದೇ ಅದು. ಆದರೆ ಒಳಗೆ ಏನಾಗುತ್ತದೆ ಎಂದು ಹೊಸಬರಿಗೆ ಹೇಳುವಾಗ ಕನ್ನಡದ ಕ್ರಿಯಾಪದ ಬೇಕೇ ಬೇಕು. ನಮ್ಮ ಬಳಗದಲ್ಲಿ ಹೆಚ್ಚಿನವರು ‘ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಸಾಗಿಸೋದು’ ಎನ್ನುತ್ತಾರೆ. 727ರಲ್ಲಿ ಕ್ರಾಸ್‌ಫೀಡ್ ಆ ಕೆಲಸ ಮಾಡುವುದೇ ಇಲ್ಲ.

ಆ ವಿಮಾನಕ್ಕೆ ಮೂರು ಎಂಜಿನ್, ಮೂರು ಮುಖ್ಯ ಟ್ಯಾಂಕ್. ಒಂದನೆಯದು ಎಡ ರೆಕ್ಕೆಯಲ್ಲಿ, ಮೂರನೆಯದು ಬಲ ರೆಕ್ಕೆಯಲ್ಲಿ. ನಡುವಿನ ಎರಡನೆಯದು ಇವೆರಡಕ್ಕಿಂತ ಬಹಳ ದೊಡ್ಡದು. ಏರುವಾಗ ಮತ್ತು ಇಳಿಯುವಾಗ ಆಯಾ ಟ್ಯಾಂಕಿನ ಇಂಧನ ಆಯಾ ಎಂಜಿನ್ನಿಗೇ ಹೋಗಬೇಕು, ಕ್ರಾಸ್‌ಫೀಡ್ ವಾಲ್ವುಗಳು ಮುಚ್ಚಿರಬೇಕು. ಒಂದು ಟ್ಯಾಂಕಿನಲ್ಲಿ ಎಡವಟ್ಟಾದರೂ ನಿಲ್ಲುವುದು ಒಂದೇ ಎಂಜಿನ್. ಆದರೆ ಇಡೀ ಪ್ರಯಾಣ ಹೀಗೇ ನಡೆಸಿದರೆ ರೆಕ್ಕೆಯ ಟ್ಯಾಂಕುಗಳು ಬೇಗ ಬರಿದಾಗುತ್ತವೆ, ನಡುವಿನದರಲ್ಲಿ ರಾಶಿ ಉಳಿಯುತ್ತದೆ. ಅದಕ್ಕೇ ವಿಮಾನ ಮೇಲೇರಿದ ಮೇಲೆ ಫ್ಲೈಟ್ ಎಂಜಿನಿಯರ್ (ಇಬ್ಬರು ಪೈಲಟ್‌ಗಳ ಜೊತೆ ಕಾಕ್‌ಪಿಟ್ಟಿನಲ್ಲಿ ಕೂತು ಎಂಜಿನ್, ಇಂಧನ ನೋಡಿಕೊಳ್ಳುವ ಮೂರನೆಯವನು) ಕ್ರಾಸ್‌ಫೀಡ್ ವಾಲ್ವು ತೆರೆದು, ಒಂದನೇ ಮತ್ತು ಮೂರನೇ ಟ್ಯಾಂಕಿನ ಪಂಪು ನಿಲ್ಲಿಸುತ್ತಾನೆ. ಆಗ ಮೂರೂ ಎಂಜಿನ್ ಎರಡನೇ ಟ್ಯಾಂಕಿನಿಂದಲೇ ಕುಡಿಯುತ್ತವೆ. ಮೂರೂ ಟ್ಯಾಂಕಿನ ಗೇಜಿನ ಮುಳ್ಳು ಸಮಕ್ಕೆ ಬಂದಾಗ ಪಂಪು ಹಾಕಿ, ವಾಲ್ವು ಮುಚ್ಚಿ, ಮತ್ತೆ ಮೊದಲಿನ ಜೋಡಣೆಗೆ ಬರುತ್ತಾನೆ.

‘ಸಾಗಿಸು’ ಎಂದು ಓದಿಕೊಂಡವನು ವಾಲ್ವು ತೆರೆದು, ಕಡಿಮೆ ಇರುವ ಟ್ಯಾಂಕಿನ ಮುಳ್ಳು ಯಾವಾಗ ಏರುತ್ತದೆ ಎಂದು ಕಾಯುತ್ತಾ ಕೂರುತ್ತಾನೆ. ಅದು ಏರುವುದಿಲ್ಲ. ಜಾಸ್ತಿ ಇರುವ ಕಡೆಯದು ಇಳಿಯಬೇಕು, ಅಷ್ಟೇ. ಅವನು ಬೇಸರಪಟ್ಟು ಸಿಮ್ಯುಲೇಟರಿನ ಕಾಲವನ್ನು ನಾಲ್ಕು ಪಟ್ಟು ವೇಗಕ್ಕೆ ಹಾಕಿ ಟೀಗೆ ಎದ್ದು ಹೋದರೆ ಮುಗೀತು. ಬಂದು ನೋಡುವಾಗ ಸಮ ದಾಟಿ, ಇನ್ನೊಂದು ಕಡೆ ಭಾರವಾಗಿರುತ್ತದೆ.

ಹಾಗಂತ ‘ಸಾಗಿಸು’ ಬಿಟ್ಟುಬಿಡುವಂತೆಯೂ ಇಲ್ಲ. ಕಾಂಕಾರ್ಡ್ ವಿಮಾನದಲ್ಲಿ ನಿಜಕ್ಕೂ ಸಾಗಿಸುತ್ತಿದ್ದರು. ಅದರಲ್ಲಿ 13 ಟ್ಯಾಂಕ್, ತುಂಬಿದಾಗ ಸುಮಾರು 95 ಟನ್ ಇಂಧನ. ಶಬ್ದದ ವೇಗ ದಾಟುವಾಗ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವ ಜಾಗ ಹಿಂದಕ್ಕೆ ಸರಿಯುತ್ತದೆ, ಮೂಗು ಕೆಳಗೆ ಬಾಗಲು ನೋಡುತ್ತದೆ. ಅದನ್ನು ಸರಿದೂಗಿಸಲು ಮುಂದಿನ ಟ್ಯಾಂಕುಗಳ ಇಂಧನವನ್ನು ಪಂಪ್ ಮಾಡಿ ಹಿಂದಕ್ಕೆ, ಬಾಲದ ಹತ್ತಿರದ 11ನೇ ಟ್ಯಾಂಕಿನವರೆಗೂ ಕಳಿಸುತ್ತಿದ್ದರು. ವಿಮಾನದ ಭಾರಕೇಂದ್ರ ಇದರಿಂದ ಸುಮಾರು 2 ಮೀಟರ್ ಹಿಂದಕ್ಕೆ ಹೋಗುತ್ತಿತ್ತು. ವೇಗ ಇಳಿಸುವಾಗ ಎಲ್ಲವನ್ನೂ ಮತ್ತೆ ಮುಂದಕ್ಕೆ ತರಬೇಕು. ಇದನ್ನೂ 727ರ ಕೆಲಸವನ್ನೂ ಒಂದೇ ಪದದಲ್ಲಿ ಹೇಳಿದರೆ ಓದುವವರಿಗೆ ಗೊಂದಲ ಖಂಡಿತ.

ಹಾಗಾಗಿ ಸಾಗಿಸು ಅಥವಾ ವರ್ಗಾಯಿಸು ಕಾಂಕಾರ್ಡ್‌ಗೆ ಇರಲಿ. 727ಕ್ಕೆ ಏನು? ‘ಪೂರೈಸು’ ತಪ್ಪಲ್ಲ, ಆದರೆ ಸರ್ಕಾರಿ ಟೆಂಡರಿನ ವಾಸನೆ ಹೊಡೆಯುತ್ತದೆ. ‘ಊಡಿಸು’ ಚಂದದ ಪದ. ಹಾಲೂಡಿಸು ಎನ್ನುವಾಗ ಬರುವ ಆತ್ಮೀಯತೆ ಎಂಜಿನ್ನಿಗೆ ಯಾಕೋ ಹೊಂದುವುದಿಲ್ಲ. ‘ಅಡ್ಡ ಊಡಿಕೆ’ ಎಂದು ಯಾರೋ ಸೂಚಿಸಿದ್ದರು. ಅವರ ಮೇಲಿನ ಗೌರವದಿಂದ ಸುಮ್ಮನಿದ್ದೇನೆ.

ನನ್ನ ಒಲವು ‘ಹಾಯಿಸು’ ಕಡೆಗೆ. ಗದ್ದೆಗೆ ನೀರು ಹಾಯಿಸುತ್ತೇವೆ. ನೀರು ಕೆರೆಯಿಂದ ಹೊರಟು ಬಳಸುವ ಜಾಗಕ್ಕೆ ಹೋಗುತ್ತದೆ, ಇನ್ನೊಂದು ಕೆರೆಗಲ್ಲ. ಜೊತೆಗೆ ಹೊಳೆ ಹಾಯು ಎನ್ನುವಾಗಿನ ದಾಟುವ ಅರ್ಥವೂ ಅದೇ ಮೂಲದಲ್ಲಿದೆ. ಆ ಬದಿಯ ಟ್ಯಾಂಕಿನಿಂದ ಈ ಬದಿಯ ಎಂಜಿನ್ನಿಗೆ ಹೋಗುವುದನ್ನು ಹೇಳಲು ಎರಡೂ ಅರ್ಥ ಬೇಕು. ‘ಎರಡನೇ ಟ್ಯಾಂಕಿನಿಂದ ಮೂರೂ ಎಂಜಿನ್ನಿಗೆ ಹಾಯಿಸಿ’ ಎಂದರೆ ತಪ್ಪು ತಿಳಿಯಲು ದಾರಿಯಿಲ್ಲ ಅನ್ನಿಸುತ್ತದೆ. ನೀರಾವರಿಯ ನೆಂಟಸ್ತಿಕೆ ಜಾಸ್ತಿ ಆಯಿತು ಎನ್ನುವವರು ಹೇಳಿ. ನನಗಂತೂ ಫ್ಲೈಟ್ ಎಂಜಿನಿಯರನ್ನು ನೋಡಿದಾಗೆಲ್ಲ ನಮ್ಮ ಕೆರೆಗಳ ನೀರುಗಂಟಿಯೇ ನೆನಪಾಗುತ್ತಾನೆ. ಯಾವುದನ್ನು ಎಷ್ಟು ಹೊತ್ತು ತೆರೆಯಬೇಕು, ಯಾರಿಗೆ ಎಷ್ಟು ಬಿಡಬೇಕು ಎಂಬುದೇ ಇಬ್ಬರ ಕೆಲಸ. ಆದರೂ ವಾಲ್ವಿಗೆ ‘ತೂಬು’ ಎನ್ನುವಷ್ಟು ದೂರ ನಾನು ಹೋಗಲಾರೆ. ತೂಬು ಇರುವುದು ಕೆರೆಗೆ. ಕ್ರಾಸ್‌ಫೀಡ್ ವಾಲ್ವು ಇರುವುದು ಕಾಲುವೆಯಲ್ಲಿ.

ಬಳಸಲಾಗದೆ ಟ್ಯಾಂಕಿನ ತಳದಲ್ಲಿ ಉಳಿಯುವ ಇಂಧನಕ್ಕೆ ಪದ ಹುಡುಕಬೇಕಾಗಿಲ್ಲ. ಜಲಾಶಯಗಳ ಸುದ್ದಿಯಲ್ಲಿ ಪತ್ರಿಕೆಗಳು ಬರೆಯುವ ‘ಡೆಡ್ ಸ್ಟೋರೇಜ್’ ಎಲ್ಲರಿಗೂ ಗೊತ್ತು. ತೂಕ ಇಳಿಸಲು ಆಕಾಶದಲ್ಲೇ ಇಂಧನ ಬಿಡುವುದಕ್ಕೆ ‘ಸುರಿ’ ಸಾಕು. ‘ಚೆಲ್ಲು’ ಎಂದರೆ ಕೈತಪ್ಪಿ ಆದಂತೆ ಕೇಳಿಸುತ್ತದೆ. 727ರಲ್ಲಿ ಇದಕ್ಕೆ ಸ್ವಿಚ್ಚುಗಳಿವೆ, 737ರಲ್ಲಿ ಆ ವ್ಯವಸ್ಥೆಯೇ ಇಲ್ಲ.

‘ಎಣ್ಣೆ’ ಬಗ್ಗೆ ಒಂದು ಎಚ್ಚರಿಕೆ. ಗಾಡಿಗೆ ಎಣ್ಣೆ ಹಾಕಿಸು ಎನ್ನುವವರಿದ್ದಾರೆ, ಜೆಟ್ ಇಂಧನವೂ ಒಂದು ಬಗೆಯ ಸೀಮೆಎಣ್ಣೆಯೇ. ಆದರೆ ಎಂಜಿನಿಯರ್ ಪ್ಯಾನೆಲ್‌ನಲ್ಲಿ ಎಂಜಿನ್ ಆಯಿಲ್‌ಗೆ ಬೇರೆ ಗೇಜುಗಳಿವೆ. ಹಾಗಾಗಿ ಇದಕ್ಕೆ ಇಂಧನ, ಅದಕ್ಕೆ ಆಯಿಲ್ ಎಂದೇ ಬರೆಯುತ್ತಿದ್ದೇನೆ.

ಅಳತೆಯ ಹೆಸರುಗಳನ್ನೂ ಮುಟ್ಟುವುದಿಲ್ಲ. ಅಮೆರಿಕದ ಹಳೆಯ ವಿಮಾನಗಳ ಗೇಜು ಪೌಂಡಿನಲ್ಲಿವೆ, ಪೌಂಡ್ ಎಂದೇ ಇರಲಿ. (ರಾತ್ಲು ಎಂದು ಬರೆಯುವ ಆಸೆ ಇತ್ತು, ತಡೆದುಕೊಂಡೆ.) ಅಳತೆ ಬೆರೆತರೆ ಏನಾಗುತ್ತದೆ ನೋಡಿ: 1983ರ ಜುಲೈನಲ್ಲಿ ಏರ್ ಕೆನಡಾದ ಹೊಸ 767 ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಲೆಕ್ಕದಲ್ಲಿ ಪೌಂಡ್ ನುಸುಳಿ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಅದು ಹೊರಟಿತು. ಎರಡೂ ಎಂಜಿನ್ ನಿಂತ ಮೇಲೆ ತೇಲಿಕೊಂಡು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಯಿತು. ಎಲ್ಲರೂ ಬದುಕಿದರು. ಹಳೆಯ ವಿಮಾನಗಳಲ್ಲಿ ಆ ಲೆಕ್ಕ ಫ್ಲೈಟ್ ಎಂಜಿನಿಯರದು. 767ರಲ್ಲಿ ಆ ಮೂರನೆಯ ಕುರ್ಚಿಯೇ ಇರಲಿಲ್ಲ, ಲೆಕ್ಕ ಯಾರ ಪಾಲಿಗೆ ಬಂತು ಎಂಬುದು ಸ್ಪಷ್ಟವಾಗಿರಲಿಲ್ಲ.

ಕೊನೆಯದಾಗಿ ಇನ್ನೊಂದು ಪದ ಬೇಕು. ಇದಕ್ಕೆ ನನ್ನಲ್ಲಿ ಒಲವೂ ಇಲ್ಲ, ಉತ್ತರವೂ ಇಲ್ಲ. ಉಳಿದ ಇಂಧನ ಎಷ್ಟು ಹೊತ್ತಿಗೆ ಸಾಕಾಗುತ್ತದೆ ಎಂಬುದಕ್ಕೆ ಒಂದು ನಾಮಪದ. ಮಾತಿನಲ್ಲಿ ಕಷ್ಟವಿಲ್ಲ. ಸಿಲಿಂಡರ್ ಎಷ್ಟು ದಿನ ಬರುತ್ತೆ ಎಂದು ಕೇಳುವ ಹಾಗೆ, ಇಂಧನ ಇನ್ನು 40 ನಿಮಿಷ ಬರುತ್ತದೆ ಎನ್ನಬಹುದು. ಆದರೆ ಕೋಷ್ಟಕದ ತಲೆಗೆ ಏನು ಬರೆಯೋದು? ‘ಬಾಳಿಕೆ’ ಬಟ್ಟೆಗೆ, ಚಪ್ಪಲಿಗೆ ಸರಿ. ‘ತಾಳಿಕೆ’ ಎಂದರೆ ಸಹನೆ ಎಂದುಕೊಳ್ಳುವವರೇ ಜಾಸ್ತಿ. ‘ಇಂಧನಾವಧಿ’ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ.

ಇದನ್ನು ಹಟ ಹಿಡಿದು ಕೇಳಲು ಕಾರಣವಿದೆ. 1978ರ ಡಿಸೆಂಬರ್ 28ರಂದು ಅಮೆರಿಕದ ಯುನೈಟೆಡ್ ಕಂಪನಿಯ ಡಿಸಿ-8 ವಿಮಾನ, ಚಕ್ರದ ತೊಂದರೆ ಪರೀಕ್ಷಿಸುತ್ತಾ ಪೋರ್ಟ್‌ಲ್ಯಾಂಡ್ ಹತ್ತಿರ ಸುಮಾರು ಒಂದು ತಾಸು ಸುತ್ತಿ, ಇಂಧನ ಮುಗಿದು ಬಿತ್ತು. ಹತ್ತು ಜನ ಸತ್ತರು. ಎಷ್ಟು ಪೌಂಡ್ ಉಳಿದಿದೆ ಎಂಬ ಮಾತು ಕಾಕ್‌ಪಿಟ್ಟಿನಲ್ಲಿ ನಡೆದೇ ಇತ್ತು. ಅಷ್ಟು ಇಂಧನದಲ್ಲಿ ಎಷ್ಟು ನಿಮಿಷ ಹಾರಬಹುದು ಎಂಬುದು ಕ್ಯಾಪ್ಟನ್ನಿಗೆ ನಾಟಲಿಲ್ಲ. ಅದಕ್ಕೇ ನನ್ನ ಕೋಷ್ಟಕದಲ್ಲಿ ಪೌಂಡಿನ ಪಕ್ಕದಲ್ಲೇ ನಿಮಿಷದ ಸಾಲು ಇಡುತ್ತಿದ್ದೇನೆ. ಸದ್ಯಕ್ಕೆ ಅದರ ತಲೆಯ ಮೇಲೆ ‘ಎಷ್ಟು ಹೊತ್ತು’ ಎಂದಷ್ಟೇ ಬರೆದಿದ್ದೇನೆ. ಎಚ್‌ಎಎಲ್‌ನಲ್ಲೋ ಏರ್ ಇಂಡಿಯಾದ ಹಳೆಯ 747ಗಳಲ್ಲೋ ಕೆಲಸ ಮಾಡಿದವರು ಇಲ್ಲಿದ್ದರೆ, ನೀವು ನೀವೇ ಕನ್ನಡದಲ್ಲಿ ಮಾತಾಡಿಕೊಳ್ಳುವಾಗ ಇದಕ್ಕೆ ಏನನ್ನುತ್ತಿದ್ದಿರಿ, ತಿಳಿಸಿ.