ನೆಟ್ಸುಕೆ ಕೊಂಡೆ: ಹಳೆಯದೋ, ಮೊನ್ನೆ ಮಾಡಿದ್ದೋ?

ಒಸಾಕಾ_ಹುಳಿಸಾರು:
ಕ್ಯೋಟೊದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳು 21ಕ್ಕೆ ಸಂತೆ. ಉಪ್ಪಿನಕಾಯಿ ತರೋಣ ಅಂತ ಹೋದವಳು ನೆಟ್ಸುಕೆ ಕೊಂಡು ಬಂದೆ, ಕಿಮೊನೊದ ಸೊಂಟಪಟ್ಟಿಗೆ ಸಿಕ್ಕಿಸುವ ಪುಟ್ಟ ಕೆತ್ತನೆ. ಮಲಗಿರುವ ಎತ್ತು, ನಿಂಬೆಹಣ್ಣಿಗಿಂತ ಚಿಕ್ಕದು. ಬೆನ್ನ ಮೇಲೆ ಹಗ್ಗ ಬಿದ್ದಿದೆ. ಹೊಟ್ಟೆಯಡಿ ಎರಡು ತೂತು, ಪಕ್ಕದಲ್ಲಿ 'ತೊಮೊತಾದಾ' ಅಂತ ಹೆಸರು. ಆರು ಸಾವಿರ ಯೆನ್ ಕೊಟ್ಟೆ. ಅಂಗಡಿಯವನು "ಎದೋ ಕಾಲದ್ದು, ದಂತ" ಅಂದ, ಅಂದರೆ ನೂರೈವತ್ತು ವರ್ಷಕ್ಕೂ ಹಳೆಯದಂತೆ. ನಮ್ಮ ಯಜಮಾನರು ಕೈಗೂ ತೆಗೆದುಕೊಳ್ಳದೆ "ಪ್ಲಾಸ್ಟಿಕ್ಕು" ಅಂದರು. ಯಾರನ್ನು ನಂಬಲಿ? ಮೈಸೂರಿಗೆ ಬರುವಾಗ ಅಮ್ಮನಿಗೆ ತರಬಹುದಾ?

ಹಳೇಪಾತ್ರೆ:
ಹೆಸರು ನೋಡಿ ಮೋಸ ಹೋಗಬೇಡಿ ಮೇಡಂ. ತೊಮೊತಾದಾ ಕ್ಯೋಟೊದವನೇ, ಎತ್ತು ಕೆತ್ತುವುದರಲ್ಲಿ ಹೆಸರುವಾಸಿ. ಆದರೆ ಅವನ ಎತ್ತಿಗೆ ನಕಲು ಜಾಸ್ತಿ ಅಂತ 1781ರಲ್ಲಿ ಒಸಾಕಾದಲ್ಲಿ ಅಚ್ಚಾದ 'ಸೋಕೆನ್ ಕಿಶೋ' ಎಂಬ ಪುಸ್ತಕದಲ್ಲೇ ಬರೆದಿದ್ದಾರೆ. ಆಗಲೇ ಆ ಕಥೆ!

ತೂತು ನೋಡಿ. ಕಿಮೊನೊಗೆ ಜೇಬಿಲ್ಲ. ತಂಬಾಕಿನ ಚೀಲವನ್ನೋ ಔಷಧಿಯ ಡಬ್ಬಿಯನ್ನೋ ದಾರಕ್ಕೆ ಕಟ್ಟಿ, ದಾರವನ್ನು ಸೊಂಟಪಟ್ಟಿಯೊಳಗಿಂದ ತೂರಿಸುತ್ತಿದ್ದರು. ಅದು ಜಾರದಂತೆ ಮೇಲ್ತುದಿಯಲ್ಲಿ ನಿಲ್ಲುವುದೇ ನೆಟ್ಸುಕೆ. ನಮ್ಮಜ್ಜಿ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರಲ್ಲ, ಹಾಗೇ. ದಾರದ ಗಂಟು ಒಳಗೆ ಅಡಗಲಿ ಅಂತ ಎಷ್ಟೋ ಹಳೆಯ ನೆಟ್ಸುಕೆಗಳಲ್ಲಿ ಒಂದು ತೂತು ದೊಡ್ಡದು, ಇನ್ನೊಂದು ಸಣ್ಣದು. ದಾರ ಉಜ್ಜಿ ಉಜ್ಜಿ ಅಂಚು ನುಣುಪಾಗಿರುತ್ತದೆ. ಮೈಗೆ ತಾಗುವ ಕಡೆಯೂ ಅಷ್ಟೇ, ಹೆಚ್ಚು ಸವೆದಿರುತ್ತದೆ.

ದಂತವೇ ಆಗಿದ್ದರೆ ಇಲ್ಲಿಗೆ ತರುವ ಯೋಚನೆ ಬಿಟ್ಟುಬಿಡಿ. ಕಸ್ಟಮ್ಸ್‌ನಲ್ಲಿ "ಅಮ್ಮನಿಗೆ" ಅಂದರೆ ಕೇಳುವುದಿಲ್ಲ.

ಉಳಿಸುತ್ತಿಗೆ_ಸಾಗರ:
ನಮ್ಮದು ಗುಡಿಗಾರರ ಮನೆ, ಗಂಧದ ಕೆಲಸ. ಜಪಾನಿನದು ಗೊತ್ತಿಲ್ಲ, ಉಳಿ ಗೊತ್ತು. ಕಿವಿಯ ಹಿಂದೆ, ಕಾಲಿನ ಸಂದಿನಲ್ಲಿ ನೋಡ್ರಿ. ಕೈಕೆಲಸವಾದರೆ ಒಂದು ಗೀರಿನ ಹಾಗೆ ಇನ್ನೊಂದು ಇರಲ್ಲ. ಅಚ್ಚಿನಲ್ಲಿ ಹೊಯ್ದಿದ್ದರೆ ಸಂದೆಲ್ಲ ಮೊಂಡಾಗಿರುತ್ತೆ, ಅಲ್ಲಲ್ಲಿ ಗಾಳಿಗುಳ್ಳೆ ಸಿಗುತ್ತೆ. ಆನೆದಂತದ ಅಡ್ಡಕೊಯ್ತದಲ್ಲಿ ಗೆರೆಗಳು ಒಂದನ್ನೊಂದು ದಾಟಿ ಬಲೆ ಹೆಣೆದ ಹಾಗೆ ಕಾಣುತ್ತವೆ. ಬಿಸಿ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಿಜವಾಗಿ ಹಳೆಯದಾಗಿದ್ದರೆ ಹಾಳಾಗುತ್ತೆ.

ಒಸಾಕಾ_ಹುಳಿಸಾರು:
ಮಗನ ಭೂತಗನ್ನಡಿ ತಗೊಂಡು ಕಿಟಕಿ ಹತ್ತಿರ ಕೂತೆ. ಎರಡು ತೂತೂ ಒಂದೇ ಅಳತೆ. ಅಂಚು ಡ್ರಿಲ್ ಹೊಡೆದ ಹಾಗೆ ಚೂಪು. ಬಲೆಯೂ ಇಲ್ಲ, ಗಿಲೆಯೂ ಇಲ್ಲ. ಬಾಲದಿಂದ ಗದ್ದದವರೆಗೆ ಕೂದಲೆಳೆಯಂಥ ಗೆರೆ, ಬಲಗಿವಿಯ ಬುಡದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ. ರೆಸಿನ್ನೇ ಇರಬೇಕು, ಅಚ್ಚಿಗೆ ಹೊಯ್ಯುವ ಪ್ಲಾಸ್ಟಿಕ್ಕು. ಯಜಮಾನರಿಗೆ ಇನ್ನೂ ಹೇಳಿಲ್ಲ.

ಹಳೇಪಾತ್ರೆ:
ಹೇಳಬೇಡಿ. ಎತ್ತಿನ ಮುಖ ಹೇಗಿದೆ?

ಒಸಾಕಾ_ಹುಳಿಸಾರು:
ಊಟ ಮುಗಿಸಿ ಜಗಲಿ ಮೇಲೆ ಅಡ್ಡಾದವರ ಹಾಗಿದೆ. ದಂತವಲ್ಲವಲ್ಲ, ಇನ್ನು ಕಸ್ಟಮ್ಸ್ ಭಯವಿಲ್ಲ. ಅಮ್ಮನ ಬೀಗದ ಕೈ ಗೊಂಚಲಿಗೇ ಕಟ್ಟುತ್ತೇನೆ. ಅವಳು ಇವತ್ತಿಗೂ ಅದನ್ನು ಸೊಂಟಕ್ಕೇ ಸಿಕ್ಕಿಸುವುದು.