ಅಪ್‌ಡೇಟ್: ಬಣ್ಣದ ಹಾಳಿ ಕೊಲಾಜ್ ಕೊನಿಗೂ ಆತು ನೋಡ್ರಿ

ಒಂದನೇ ತರಗತಿ ಮಕ್ಕಳಿಗೆ ಮಕ್ಕಳ ಚಿತ್ರಪುಸ್ತಕ ಮಾಡ್ತಿದ್ದ ಅಮೆರಿಕದ ಎರಿಕ್ ಕಾರ್ಲ್ ಅವರ ಚಿತ್ರಗಳಂಥ ಕೊಲಾಜ್ (ಹಾಳಿ ಕತ್ತರಿಸಿ ಅಂಟಿಸಿ ಮಾಡೋ ಚಿತ್ರ) ಕಲಿಸ್ಬೇಕು, ಆದ್ರ ಬಣ್ಣ ಹಚ್ಚಿದ ಟಿಶ್ಯೂ ಹಾಳಿ ಕೈಯಾಗೇ ಹರೀತದ, ಏನು ಮಾಡ್ಲಿ ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದಂಗ ಎರಡು ದಿನಕ್ಕ ಹಂಚಿದೆ. ಮೊದಲ ದಿನ ಬರೀ ಬಣ್ಣ, ಅದೂ ದಪ್ಪ ಡ್ರಾಯಿಂಗ್ ಹಾಳಿ ಮ್ಯಾಲ. ಹಸಿ ಬಣ್ಣದಾಗ ಹಳೇ ಬಾಚಣಿಗೆ ಎಳೆದು ಗೆರೆ ಮೂಡಿಸಿದ್ರು. ಕಲಬುರಗಿ ಬಿಸಿಲು, ಒಣಗೋಕೆ ಎಷ್ಟು ಹೊತ್ತು! ಕಾರ್ಲ್ ಅವರೂ ಹಾಳಿಗೆ ಮೊದಲೇ ಬಣ್ಣ ಬಳಿದಿಟ್ಟು, ಆಮ್ಯಾಲೇ ಕತ್ತರಿಸ್ತಿದ್ರು.

ಮರುದಿನ ಮಕ್ಕಳು ತೊಗರಿ ಹೊಲದ ಹಸಿರು ಕಾಯಿಕೊರಕ ಹುಳಾನೇ ಕೊಲಾಜ್‌ನಾಗ ಮಾಡಿದ್ರು. ಒಬ್ಬಾಕಿ ಹಳದಿ ಹೂವಿನ ಹಿಂದ ಸಣ್ಣ ಕೆಂಪು ಗೆರೆ ಹಚ್ಚಿದ್ಲು, ಹೊಲದಾಗ ಇರೋ ಹಂಗೇ. ನಾ ಹೇಳಿಕೊಟ್ಟಿದ್ದಿಲ್ಲ. ಮನಸ್ಸು ತುಂಬಿ ಬಂತ್ರಿ. ಅಂಟು ಮಾತ್ರ ತೆಳುವಾಗಿ ಹಚ್ಚಿಸ್ರಿ, ಇಲ್ಲಂದ್ರ ಹಾಳಿ ಸುಕ್ಕಾಗ್ತದ.