ಡಿಗ್ರಿ ಓದುವಾಗಲೇ ಸಂಶೋಧನೆ: ಕಾಸರಗೋಡಿನವರಿಗೆ ದಾರಿ ಉಂಟಾ?

ಬದಿಯಡ್ಕ_ಬಾಟನಿ:
ನಾನು ಬಿಎಸ್‌ಸಿ ಬಾಟನಿ ಎರಡನೇ ವರ್ಷ. ಹತ್ತರ ತನಕ ಕನ್ನಡ ಮೀಡಿಯಂ. ರಜೆಯಲ್ಲಿ ಯಾವುದಾದರೂ ಲ್ಯಾಬಿನಲ್ಲಿ ಕೆಲಸ ಕಲಿಯಬೇಕು ಅಂತ ಆಸೆ. ಕೆಲವು ಕಡೆ ಮೇಲ್ ಹಾಕಿದೆ, ಒಬ್ಬರದ್ದೂ ಉತ್ತರ ಇಲ್ಲ. ಬೆಂಗಳೂರಿನಲ್ಲಿ ಎರಡು ತಿಂಗಳು ಕೂರುವಷ್ಟು ದುಡ್ಡು ಮನೆಯಲ್ಲಿ ಇಲ್ಲ, ಈ ಸಲ ಅಡಿಕೆಗೆ ಕೊಳೆರೋಗ ಬೇರೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಕುಂಬಳೆ_ಸೀನಿಯರ್:
ದುಡ್ಡಿನ ಚಿಂತೆ ಇದ್ದರೆ ಮೊದಲು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಬೆಂಗಳೂರು, ದೆಹಲಿ, ಪ್ರಯಾಗರಾಜ್‌ನ ಮೂರು ಅಕಾಡೆಮಿಗಳು ಸೇರಿ ನಡೆಸುವುದು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಸ್ಟೈಪೆಂಡ್ ಸಿಗುತ್ತದೆ. ಬೇಸಿಗೆಯದ್ದು ಅಂತ ಮಾರ್ಚ್‌ವರೆಗೆ ಸುಮ್ನೆ ಕೂತರೆ ಹೋಯ್ತು, ಅರ್ಜಿ ಕರೆಯುವುದು ಮಳೆಗಾಲ ಮುಗಿದ ಮೇಲೆ, ಹಿಂದಿನ ವರ್ಷವೇ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ನದ್ದೂ ಇಂಥದ್ದೇ ಬೇರೆ ಉಂಟು. ಕೇಂದ್ರ ಸರ್ಕಾರ ವಿಜ್ಞಾನ ಓದುವವರಿಗೆ ಕೊಡುವ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದ್ದವರಿಗೆ ವರ್ಷದ 80,000ದಲ್ಲಿ 20,000 ಇಂಥ ಬೇಸಿಗೆ ಪ್ರಾಜೆಕ್ಟಿಗೇ ಅಂತ ಇರುವುದು.

ಮತ್ತೆ, ನಮ್ಮ ಕಾಸರಗೋಡಿನ ಕೂಡ್ಲಿನಲ್ಲೇ ಇರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಬಿಟ್ಟು ಬೆಂಗಳೂರಿಗೇ ಯಾಕೆ ಓಡುವುದು? 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಜಾಗ ಅದು. ತೆಂಗು, ಅಡಿಕೆ, ಕೊಕ್ಕೋ ಎಲ್ಲ ನಿಮ್ಮದೇ ವಿಷಯ ಅಲ್ವಾ. ಪೆರಿಯದ ಕೇಂದ್ರೀಯ ವಿವಿಯೂ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ.

ಪೆರ್ಲ_ಮೇಷ್ಟ್ರು:
ಮೇಲ್‌ಗೆ ಉತ್ತರ ಯಾಕೆ ಬರುವುದಿಲ್ಲ ಅಂತ ಹೇಳ್ತೇನೆ. "ರೆಸ್ಪೆಕ್ಟೆಡ್ ಸರ್, ಐ ಆಮ್ ಪ್ಯಾಶನೇಟ್" ಅಂತ ಒಂದೇ ಮೇಲನ್ನು ಐವತ್ತು ಜನರಿಗೆ ಕಳಿಸಿದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅವರ ಒಂದು ಲೇಖನ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ವಿಷಯ ಕೇಳಿ, ನಿಮಗೆ ಯಾವ ತಿಂಗಳು ಬಿಡುವು ಅಂತ ಬರೆಯಿರಿ. ಹತ್ತು ಸಾಲು ಸಾಕು. ಇಂಗ್ಲಿಷ್ ಚಂದ ಇರಬೇಕೆಂದಿಲ್ಲ.

ಅದಕ್ಕಿಂತ ಮೊದಲು ಕೈಯಲ್ಲಿ ಒಂದು ಸಣ್ಣ ಕೆಲಸ ಇರಲಿ. ನಿಮ್ಮ ಕಡೆ ಗುಡ್ಡದಲ್ಲಿ ಸುರಂಗ ಇರಬೇಕಲ್ಲ, ನೀರಿಗಾಗಿ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದದ್ದು? ಅದರ ಬಾಯಿಯಲ್ಲಿ ಜರೀಗಿಡ, ಸ್ವಲ್ಪ ಒಳಗೆ ಹೋದರೆ ಬರೀ ಪಾಚಿ, ಮತ್ತೂ ಒಳಗೆ ಏನೂ ಇಲ್ಲ. ಯಾವುದು ಎಷ್ಟು ಬೆಳಕಿಗೆ ನಿಲ್ಲುತ್ತದೆ ಅಂತ ಟೇಪು ಹಿಡಿದು ಬರೆದಿಟ್ಟುಕೊಳ್ಳಿ. ನೀರು ಬೀಳುವಲ್ಲಿ ಕೊಡಪಾನ ಇಟ್ಟು ತುಂಬಲು ಎಷ್ಟು ಹೊತ್ತು ಬೇಕು ನೋಡಿ, ಡಿಸೆಂಬರಿನಿಂದ ಮೇ ತನಕ ವಾರಕ್ಕೊಮ್ಮೆ. ಒಬ್ಬರೇ ಒಳಗೆ ನುಗ್ಗಬೇಡಿ, ಹಾವು ಇರುತ್ತದೆ, ಮಣ್ಣು ಜರಿಯುವುದೂ ಉಂಟು. ಇಂಥ ಒಂದು ನೋಟ್‌ಬುಕ್ ಇದ್ದವರಿಗೆ ಲ್ಯಾಬಿನವರು ಬೇಗ ಬಾ ಅನ್ನುತ್ತಾರೆ. ನಾಲ್ಕನೇ ವರ್ಷ ಸಂಶೋಧನೆ ಮಾಡಿ ಪಡೆಯುವ ಆನರ್ಸ್ ವಿತ್ ರಿಸರ್ಚ್ ಡಿಗ್ರಿ ಬೇಕಿದ್ದರೆ ಮೊದಲ ಮೂರು ವರ್ಷಕ್ಕೆ 75% ಬೇಕು, ಅದನ್ನೂ ಮರೆಯಬೇಡಿ.

ಬದಿಯಡ್ಕ_ಬಾಟನಿ:
ಥ್ಯಾಂಕ್ಸ್ ಸರ್! ಅಜ್ಜನ ತೋಟದ ಹಿಂದೆಯೇ ಒಂದು ಸುರಂಗ ಉಂಟು. ನೀರಿನ ಪಿಎಚ್ ನೋಡಬೇಕಾದರೆ ಕಾಲೇಜಿನ ಮೀಟರ್ ಮನೆಗೆ ಕೊಡ್ತಾರಾ?

ಪೆರ್ಲ_ಮೇಷ್ಟ್ರು:
ಕೊಡಲಿಕ್ಕಿಲ್ಲ. ನೀರನ್ನೇ ತನ್ನಿ. ಬಾಟಲಿ ಕಂಠಮಟ್ಟ ತುಂಬಿಸಿ, ಒಳಗೆ ಗಾಳಿ ಉಳಿಯದ ಹಾಗೆ ಮುಚ್ಚಳ ಬಿಗಿಮಾಡಿ, ಅದೇ ದಿನ ಅಳೆಯಿರಿ. ಇಟ್ಟಷ್ಟು ಹೊತ್ತು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಪಿಎಚ್ ಏರುತ್ತದೆ.